ನೀಲಿ ಕ್ರೇಟು ವಾಪಸ್

ಕುರುಬರಹಳ್ಳಿಯ ನಾಲ್ಕನೇ ಅಡ್ಡರಸ್ತೆಯಲ್ಲಿ ಜಗನ್ನಾಥನಿಗಿದ್ದ ಮರ್ಯಾದೆ ಹಿಂದೆ ಕಾರ್ಪೊರೇಟರ್ ಆಗಿದ್ದವರಿಗೂ ಇರಲಿಲ್ಲ. ಕಾರ್ಪೊರೇಟರ್ ಚರಂಡಿ ಕಟ್ಟಿಕೊಂಡಾಗ ಮಾತ್ರ ಬೇಕಾಗುತ್ತಾರೆ. ರಟ್ಟಿನ ಡಬ್ಬ ವರ್ಷವಿಡೀ ಬೇಕು. ಮನೆ ಖಾಲಿ ಮಾಡುವವರಿಗೆ ಬೇಕು, ದಸರಾ ಗೊಂಬೆ ಎತ್ತಿಡುವವರಿಗೆ ಬೇಕು, ಹಳೇ ಪಾತ್ರೆ ಅಟ್ಟಕ್ಕೆ ಹಾಕುವವರಿಗೆ ಬೇಕು, ಮರಿ ಹಾಕಲು ಜಾಗ ಹುಡುಕುವ ಬೆಕ್ಕಿಗೂ ಬೇಕು. ಇವರೆಲ್ಲರೂ, ಬೆಕ್ಕಿನ ಪರವಾಗಿ ಅದರ ಮನೆಯವರು, ಬರುತ್ತಿದ್ದುದು ಜಗನ್ನಾಥನ ಬಾಗಿಲಿಗೆ.

ಜಗನ್ನಾಥ ನಾಯಂಡಹಳ್ಳಿಯ ಒಂದು ಗೇರ್ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ಸೂಪರ್‌ವೈಸರ್. ತಯಾರಾದ ಗೇರುಗಳನ್ನು ರಟ್ಟಿನ ಡಬ್ಬಗಳಲ್ಲಿ ತುಂಬಿಸಿ, ಲಾರಿ ಹತ್ತಿಸಿ, ಹೊಸೂರಿನ ಎಂಜಿನ್ ಕಂಪನಿಗೆ ಕಳಿಸುವುದು ಅವನ ಕೆಲಸ. ಮೂಲೆ ಮುದುರಿದ, ಅಚ್ಚು ತಪ್ಪಿದ ಡಬ್ಬಗಳನ್ನು ಬೇಕಾದವರು ಮನೆಗೆ ಒಯ್ಯಬಹುದೆಂದು ಕಾರ್ಖಾನೆಯವರೇ ಹೇಳಿದ್ದರು. ಈ ಸಣ್ಣ ಸಂಗತಿಯನ್ನು ಅವನು ತನ್ನ ರಸ್ತೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರಾದರೂ ಡಬ್ಬ ಕೇಳಿದರೆ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ಭಾರವಾದ ಹೊಣೆಯೊಂದನ್ನು ಹೆಗಲಿಗೇರಿಸಿಕೊಳ್ಳುವವನಂತೆ ಉಸಿರೆಳೆದು, "ಆಗ್ಲಿ, ಕಂಪನೀಲಿ ಹೇಳಿ ಮಾಡಿಸ್ತೀನಿ" ಅನ್ನುತ್ತಿದ್ದ.

"ಹೇಳಿ ಮಾಡಿಸೋದೇನ್ರೀ? ಬಿಸಾಕಿರೋದು ತಾನೆ?" ಎಂದು ಹೆಂಡತಿ ಜಲಜಾ ಒಮ್ಮೆ ಕೇಳಿದ್ದಳು.

"ನಿಂಗೆ ಕಂಪನಿ ವ್ಯವಹಾರ ಅರ್ಥ ಆಗಲ್ಲ ಕಣೇ" ಎಂದು ಅವನು ಗಂಭೀರವಾಗಿ ಪೇಪರ್ ಮಡಚಿದ್ದ.

ಹೀಗೆ ಹೇಳಿ ಮಾಡಿಸಿದ ಡಬ್ಬಗಳ ಬಲದಿಂದ ಅವನಿಗೆ ಎಲ್ಲರ ಮನೆಯ ಊಟದಲ್ಲೂ ಮೊದಲ ಪಂಕ್ತಿ ಸಿಗುತ್ತಿತ್ತು. ಗಣೇಶನ ಪೆಂಡಾಲಿನಲ್ಲಿ ಕುರ್ಚಿ ಸಿಗುತ್ತಿತ್ತು, ಅದೂ ಕೈ ಇರುವ ಕುರ್ಚಿ.

ಎದುರು ಮನೆಯ ಮುನಿಲಕ್ಷ್ಮಮ್ಮನವರು ಕುರುಬರಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದವರು. ಈಗ ಗದ್ದೆಯಿದ್ದ ಜಾಗದಲ್ಲಿ ಮೂರು ಮಹಡಿ ಬಾಡಿಗೆ ಮನೆ ಇತ್ತು. ಅವರ ಮೊಮ್ಮಗಳು ಸ್ಪಂದನಳ ಮದುವೆ ಭಾನುವಾರ, ರಾಜರಾಜೇಶ್ವರಿನಗರದ ಕಲ್ಯಾಣ ಮಂಟಪದಲ್ಲಿ. ಹುಡುಗ ಕೆಂಗೇರಿಯವನು. ಲಾಡು, ಚಕ್ಕುಲಿ, ಕಜ್ಜಾಯ ಎಲ್ಲ ಮನೆಯಲ್ಲೇ ಆಗುತ್ತಿತ್ತು. ತಿಂಡಿಯ ವಾಸನೆಗೆ ಇಡೀ ರಸ್ತೆ ಆ ವಾರ ಸರಿಯಾಗಿ ಕೆಲಸ ಮಾಡಲಿಲ್ಲ.

"ಜಗಣ್ಣ, ತಿಂಡಿ ಛತ್ರಕ್ಕೆ ಸಾಗಿಸ್ಬೇಕು. ಒಳ್ಳೇ ಡಬ್ಬ ಬೇಕಪ್ಪ, ಒಂದು ನಲವತ್ತು. ಬೀಗರ ಕಣ್ಣಿಗೆ ಕಾಣಂಗಿರ್ಬೇಕು" ಎಂದರು ಮುನಿಲಕ್ಷ್ಮಮ್ಮ.

ಜಗನ್ನಾಥ ಕಣ್ಣು ಮುಚ್ಚಿದ, ಉಸಿರೆಳೆದ. "ನಿಮ್ಮ ಮೊಮ್ಮಗಳ ಮದುವೆ ಅಂದ್ರೆ ನನ್ನ ಮನೆ ಮದುವೆ. ಕಂಪನೀಲಿ ಹೇಳಿ ಮಾಡಿಸ್ತೀನಿ."

ಮಾತು ಕೊಟ್ಟು ಕಾರ್ಖಾನೆಗೆ ಹೋದರೆ ಅಲ್ಲಿ ಮೀಟಿಂಗ್ ಇತ್ತು.

ಹೊಸದಾಗಿ ಬಂದಿದ್ದ ಪ್ಯಾಕಿಂಗ್ ಎಂಜಿನಿಯರ್ ಸಿಂಚನಾ ಮೇಜಿನ ಮೇಲೆ ಚಪ್ಪಟೆಯಾದ ನೀಲಿ ಪ್ಲಾಸ್ಟಿಕ್ ಹಲಗೆಯಂಥದ್ದೊಂದನ್ನು ಇಟ್ಟಳು. ನಾಲ್ಕೂ ಬದಿ ಎತ್ತಿ ಟಕ್ ಟಕ್ ಅನ್ನಿಸಿದಳು. ಹಲಗೆ ಹೋಗಿ ಪೆಟ್ಟಿಗೆಯಾಯಿತು.

"ಸೋಮವಾರದಿಂದ ರಟ್ಟಿನ ಡಬ್ಬ ಇಲ್ಲ. ಗೇರ್ ಎಲ್ಲ ಈ ಕ್ರೇಟಲ್ಲಿ ಹೊಸೂರಿಗೆ ಹೋಗುತ್ತೆ. ಅವರು ಖಾಲಿ ಮಾಡಿ, ಮಡಚಿ, ವಾಪಸ್ ಕಳಿಸ್ತಾರೆ. ನಾವು ಮತ್ತೆ ತುಂಬ್ತೀವಿ. ಒಂದೇ ಕ್ರೇಟು ವರ್ಷಗಟ್ಟಲೆ ಓಡಾಡುತ್ತೆ. ಬಿಸಾಕೋ ಮಾತೇ ಇಲ್ಲ."

ಬಿಸಾಕೋ ಮಾತೇ ಇಲ್ಲ ಎಂಬ ಮಾತು ಜಗನ್ನಾಥನ ಎದೆಯ ಮೇಲೆ ಗೇರಿನ ಪೆಟ್ಟಿಗೆಯಂತೆಯೇ ಬಿತ್ತು.

"ಮೇಡಂ, ಹಾಗಾದ್ರೆ ಈ ಮೂಲೆ ಮುದುರಿದ ಡಬ್ಬ..."

"ಡಬ್ಬಾನೇ ಇರಲ್ವಲ್ಲ ಸಾರ್, ಮೂಲೆ ಎಲ್ಲಿಂದ ಮುದುರುತ್ತೆ?"

ಎಂ.ಡಿ.ಯವರಿಗೂ ಪೂರ್ತಿ ನಂಬಿಕೆ ಇರಲಿಲ್ಲ. "ಹೋದ ಕ್ರೇಟು ವಾಪಸ್ ಬರುತ್ತೇನಮ್ಮ? ನಮ್ಮನೆಯಿಂದ ತಂಗಿ ಮನೆಗೆ ಹೋದ ಟಿಫನ್ ಕ್ಯಾರಿಯರ್ರೇ ಇನ್ನೂ ಬಂದಿಲ್ಲ."

"ಬರುತ್ತೆ ಸಾರ್. ಮೊದಲು ನಲವತ್ತು ಕ್ರೇಟಲ್ಲಿ ಟ್ರಯಲ್ ಮಾಡೋಣ. ಕಳೆದುಹೋದ್ರೆ ಮತ್ತೆ ರಟ್ಟಿಗೇ ಹೋಗೋಣ. ಆಮೇಲೆ ನಾನು ಈ ವಿಷಯ ಎತ್ತಲ್ಲ, ನನ್ನನ್ನ ಈ ಕೆಲಸದಲ್ಲಿ ಇಟ್ಕೊಳ್ಳೋದೂ ಬಿಡೋದೂ ನಿಮಗೆ ಬಿಟ್ಟಿದ್ದು" ಎಂದಳು ಸಿಂಚನಾ. ಆಮೇಲೆ ಇನ್ನೊಂದು ಮಾತು ಸೇರಿಸಿದಳು: ಕೆಲವು ಕ್ರೇಟುಗಳ ತಳದಲ್ಲಿ ಪುಟ್ಟ ಯಂತ್ರ ಕೂರಿಸಿದೆ, ಅವು ಎಲ್ಲಿ ಹೋದರೂ ಅವಳ ಫೋನಿನ ಮ್ಯಾಪಿನಲ್ಲಿ ಚುಕ್ಕಿಯಾಗಿ ಕಾಣುತ್ತವೆ.

ಈ ಕೊನೆಯ ಮಾತು ಜಗನ್ನಾಥನಿಗೆ ಕೇಳಿಸಲಿಲ್ಲ. ಆಗ ಅವನು ಮುನಿಲಕ್ಷ್ಮಮ್ಮನವರ ಮುಖವನ್ನೇ ಕಣ್ಣ ಮುಂದೆ ತಂದುಕೊಂಡು ಬೆವರುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದಾಗ ತಾನೂ ತಟ್ಟಿದ. ಕ್ರೇಟುಗಳ ಉಸ್ತುವಾರಿಗೆ ತನ್ನನ್ನೇ ನೇಮಿಸಿದ್ದಕ್ಕೆ ಆ ಚಪ್ಪಾಳೆ ಎಂದು ತಿಳಿದದ್ದು ಕಾಫಿ ಬಂದ ಮೇಲೆ.

ಶೆಡ್ಡಿನಲ್ಲಿದ್ದ ಮುದುರಿದ ಡಬ್ಬಗಳೂ ಅಂದೇ ಗುಜರಿಗೆ ಹೋದವು. ಡಬ್ಬ ಇಲ್ಲ ಎಂದು ಮುನಿಲಕ್ಷ್ಮಮ್ಮನವರಿಗೆ ಹೇಳಲು ಆ ವಾರವೆಲ್ಲ ಅವನು ಎದುರು ಮನೆಗೆ ಹೋದ. ಹೋದಾಗಲೆಲ್ಲ ಅವರು ಒಂದು ಲಾಡು ಕೊಟ್ಟರು. ಬಾಯಲ್ಲಿ ಲಾಡು ಇಟ್ಟುಕೊಂಡು ಇಲ್ಲ ಅನ್ನುವುದು ಯಾವ ಮನುಷ್ಯನಿಗೆ ಸಾಧ್ಯ? ಶನಿವಾರ ಮಧ್ಯಾಹ್ನ ಅವನೊಂದು ತೀರ್ಮಾನಕ್ಕೆ ಬಂದ. ನಲವತ್ತು ಕ್ರೇಟು ಶೆಡ್ಡಿನಲ್ಲಿ ಸುಮ್ಮನೆ ಮಡಚಿಕೊಂಡು ಕುಳಿತಿವೆ. ಗಾಡಿ ಇರುವುದು ಸೋಮವಾರ. ಭಾನುವಾರ ಮದುವೆ ಮುಗಿಸಿ, ತೊಳೆದು, ಸೋಮವಾರ ಬೆಳಗ್ಗೆ ಸ್ವಸ್ಥಾನದಲ್ಲಿ ಇಟ್ಟರಾಯಿತು.

ಸೆಕ್ಯುರಿಟಿ ಆಫೀಸರ್ ಅಮೀನಪ್ಪ ಊಟಕ್ಕೆ ಹೋದ ಹೊತ್ತು ನೋಡಿ, ಗೇಟಿನಲ್ಲಿದ್ದ ಹೊಸ ಕಾವಲುಗಾರನಿಗೆ "ಟ್ರಯಲ್" ಎಂದು ಹೇಳಿ, ಕ್ರೇಟುಗಳನ್ನು ಟಾಟಾ ಏಸ್ ಗಾಡಿಯಲ್ಲಿ ಕುರುಬರಹಳ್ಳಿಗೆ ತಂದ.

ರಸ್ತೆಗೆ ರಸ್ತೆಯೇ ಹೊರಗೆ ಬಂತು. ಜಗನ್ನಾಥ ಒಂದು ಕ್ರೇಟನ್ನು ಟಕ್ ಟಕ್ ಎಂದು ಬಿಚ್ಚಿ ತೋರಿಸಿದ.

"ಅಯ್ಯೋ, ಏನ್ ಚೆಂದಾಗೈತೆ!" ಮುನಿಲಕ್ಷ್ಮಮ್ಮ ಕೆನ್ನೆಗೆ ಕೈ ಹಚ್ಚಿದರು. "ನಮ್ ಸ್ಪಂದನನ ಮದುವೆಗೇಂತ ಮಾಡಿಸಿದ್ದಾ?"

ಇಲ್ಲಿ ಜಗನ್ನಾಥ "ಇಲ್ಲಮ್ಮ, ಸೋಮವಾರ ವಾಪಸ್ ಕೊಡಬೇಕು" ಎನ್ನಬೇಕಿತ್ತು. ಅಂದ ಕೂಡ. ಆದರೆ ಮೊದಲು "ಮತ್ತೆ ಇನ್ನೇನು" ಎಂದು, ಆಮೇಲೆ ಅದನ್ನು ಮೆಲ್ಲಗೆ ಅಂದ. ಮೊದಲನೆಯದು ಇಡೀ ರಸ್ತೆಗೆ ಕೇಳಿಸಿತು, ಎರಡನೆಯದು ಗಾಡಿಯ ಡ್ರೈವರಿಗೂ ಕೇಳಿಸಲಿಲ್ಲ.

ಭಾನುವಾರ ಬೆಳಗ್ಗೆ ಛತ್ರದಲ್ಲಿ ಜಗನ್ನಾಥ ರೇಷ್ಮೆ ಪಂಚೆ, ಜರಿ ಶಲ್ಯದಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಓಲಗ ಜೋರಾಗಿತ್ತು. ಆಗ ಫೋನ್ ಬಂತು.

"ಸಾರ್, ಸಿಂಚನಾ. ನಮ್ಮ ಕ್ರೇಟ್ ಕಳ್ಳತನ ಆಗಿದೆ! ಈಗ ತಾನೆ ಮ್ಯಾಪ್ ನೋಡ್ದೆ. ಮೂರು ಚುಕ್ಕಿ ರಾಜರಾಜೇಶ್ವರಿನಗರದಲ್ಲಿದೆ, ಎರಡು ಕೆಂಗೇರಿಗೆ ಹೋಗ್ಬಿಟ್ಟಿದೆ. ದೊಡ್ಡ ಗ್ಯಾಂಗೇ ಇರ್ಬೇಕು, ಮಾಲು ಹಂಚ್ಕೊಂಡಿದಾರೆ. ನೀವೇ ಉಸ್ತುವಾರಿ, ತಕ್ಷಣ ಹೊರಡಿ. ಎಲ್ಲಿದೀರಾ?"

ಕೆಂಗೇರಿ ಎಂಬ ಮಾತು ಜಗನ್ನಾಥನಿಗೆ ಅರ್ಥವಾಗಲಿಲ್ಲ. ಕ್ರೇಟುಗಳು ಇಲ್ಲೇ ಅಡುಗೆ ಕೋಣೆಯಲ್ಲಿ ಇರಬೇಕಿತ್ತು. ಚುಕ್ಕಿ ಎಂಬುದು ಮಾತ್ರ ಚೆನ್ನಾಗಿ ಅರ್ಥವಾಯಿತು.

"ಮನೇಲಿ ಮೇಡಂ. ಕುರುಬರಹಳ್ಳೀಲಿ."

"ಏನ್ ಸಾರ್ ಅದು ಓಲಗ?"

"ಟಿವಿ ಮೇಡಂ."

ಅಷ್ಟರಲ್ಲಿ ಮೈಕಿನವನು, "ಹೆಣ್ಣಿನ ಸೋದರಮಾವ ಎಲ್ಲಿದ್ದರೂ ಕೂಡಲೇ ಮಂಟಪಕ್ಕೆ ಬರಬೇಕು" ಎಂದು ಗುಡುಗಿದ.

"ಟಿವೀಲಿ ಸೋದರಮಾವನ್ನ ಕರೀತಾರಾ ಸಾರ್?"

"ಧಾರಾವಾಹಿ ಮೇಡಂ. ಅವನು ಯಾವಾಗ್ಲೂ ಇಷ್ಟೇ, ಕರೆದಾಗ ಬರಲ್ಲ."

"ಸರಿ, ನಾನು, ಅಮೀನಪ್ಪ ನಾಯಂಡಹಳ್ಳಿ ಬಿಟ್ಟಿದೀವಿ. ನೀವು ಸೀದಾ ಅಲ್ಲಿಗೇ ಬನ್ನಿ, ಲೊಕೇಶನ್ ಕಳಿಸ್ತೀನಿ."

ಲೊಕೇಶನ್ ಬಂತು. ಅದನ್ನು ಒತ್ತಿದರೆ ಫೋನು, ನೀವು ತಲುಪಿದ್ದೀರಿ ಎಂದಿತು.

ಜಗನ್ನಾಥ ಎದ್ದು ಬಾಗಿಲ ಬಳಿಗೆ ಹೋಗುವುದಕ್ಕೂ ಅವರ ಕಾರು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಮುಂದೆ ಸಿಂಚನಾ, ಜೀನ್ಸ್ ಮೇಲೆ ಕುರ್ತಾ. ಹಿಂದೆ ಅಮೀನಪ್ಪ, ಖಾಕಿ ಯೂನಿಫಾರ್ಮು, ಎದೆಯ ಮೇಲೆ ಸೀಟಿ, ಸೈನ್ಯದಿಂದ ನಿವೃತ್ತನಾಗಿ ಹತ್ತು ವರ್ಷವಾದರೂ ನಿವೃತ್ತವಾಗದ ಮೀಸೆ.

"ಸಾರ್! ಇಷ್ಟು ಬೇಗ? ಅದೂ ರೇಷ್ಮೆ ಪಂಚೇಲಿ?" ಸಿಂಚನಾ ಬೆರಗಾದಳು.

ಮನುಷ್ಯನಿಗೆ ಕಷ್ಟಕಾಲದಲ್ಲಿ ಎಲ್ಲಿಂದ ಬುದ್ಧಿ ಬರುತ್ತದೋ ಹೇಳಲಾಗದು. ಅದು ಒಳ್ಳೆಯ ಬುದ್ಧಿಯೇ ಆಗಿರಬೇಕೆಂದೂ ಇಲ್ಲ.

"ಮದುವೆ ಛತ್ರ ಅಂತ ಗೊತ್ತಾಯ್ತಲ್ಲ ಮೇಡಂ, ಕಳ್ಳರಿಗೆ ಅನುಮಾನ ಬರಬಾರದು ಅಂತ ಈ ವೇಷದಲ್ಲಿ ಬಂದೆ."

"ಮಫ್ತಿ!" ಅಮೀನಪ್ಪ ಟಕ್ಕೆಂದು ಸೆಲ್ಯೂಟ್ ಹೊಡೆದ.

ಆ ಹೊತ್ತಿಗೆ ಕುರುಬರಹಳ್ಳಿಯ ಇಬ್ಬರು ಹೆಂಗಸರು, "ಜಗಣ್ಣ, ಜಲಜಕ್ಕ ಕರೀತಾವ್ರೆ, ತಿಂಡಿ ಆಯ್ತಾ?" ಎಂದು ಕೇಳಿಕೊಂಡು ಹೋದರು.

"ನೋಡಿದ್ರಾ ಮೇಡಂ, ಎಷ್ಟು ನಂಬಿಸಿದೀನಿ" ಎಂದ ಜಗನ್ನಾಥ, ಶಲ್ಯದಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತ. "ನೀವು ಇಲ್ಲೇ ಇರಿ. ಒಳಗೆ ನಾನೊಬ್ಬನೇ ಹೋಗಿ ನೋಡ್ಕೊಂಡು ಬರ್ತೀನಿ."

ಆದರೆ ಸಿಂಚನಾಳಿಗೆ ಆಗಲೇ ಪನ್ನೀರು ಚಿಮುಕಿಸಿ, ಕೈಗೊಂದು ಗುಲಾಬಿ ಕೊಟ್ಟು, ಯಾರೋ ಒಳಗೆ ಕರೆದೊಯ್ದಿದ್ದರು. ಅಮೀನಪ್ಪ ನೇರವಾಗಿ ಅಡುಗೆ ಕೋಣೆಗೆ ನುಗ್ಗಿದ್ದ. ಅಲ್ಲಿ ಕೆಲವೇ ನೀಲಿ ಕ್ರೇಟುಗಳು, ತುಂಬ ಚಕ್ಕುಲಿ.

"ಈ ಮಾಲು ಎಲ್ಲಿಂದ ಬಂತು?" ಎಂದು ಅಡುಗೆಯವನನ್ನು ಕೇಳಿದ.

"ಹೆಣ್ಣಿನ ಕಡೆಯವರದು ಸ್ವಾಮಿ."

"ಇದು ಕದ್ದ ಮಾಲು, ಗೊತ್ತಾ?"

ಸೌತೆಕಾಯಿ ಹೆಚ್ಚುತ್ತಿದ್ದ ಹೆಂಗಸು ಹೊರಗೆ ಹೋಗಿ, ಹೆಣ್ಣಿನ ಕಡೆಯವರು ಕದ್ದ ಮಾಲು ತಂದಿದಾರಂತೆ, ಪೊಲೀಸು ಬಂದಿದೆ ಎಂದಳು. ತಾಂಬೂಲದ ಚೀಲ ಕಟ್ಟುತ್ತಿದ್ದವರ ಬಳಿ ಬರುವಷ್ಟರಲ್ಲಿ ಮಾಲು ಹೋಗಿ ಒಡವೆಯಾಯಿತು. ಮಂಟಪದ ಮೆಟ್ಟಿಲು ಹತ್ತುವಾಗ, ಹುಡುಗಿಯ ಕೊರಳಲ್ಲಿರುವ ಕಾಸಿನ ಸರ ಬೇರೆ ಯಾರದೋ, ಅದೂ ಚಿನ್ನವಲ್ಲ, ತಿಕ್ಕಿದರೆ ನೀಲಿ ಬರುತ್ತದೆ ಎಂಬಲ್ಲಿಗೆ ಬಂದು ನಿಂತಿತು. ನೀಲಿ ಎಂಬೊಂದು ಸತ್ಯ ಮಾತ್ರ ಅಷ್ಟು ಬಾಯಿ ದಾಟಿಯೂ ಉಳಿದಿತ್ತು.

ಹುಡುಗನ ಚಿಕ್ಕಪ್ಪ ಮುನಿರಾಜು ಎದ್ದು ನಿಂತು ಕೈಯೆತ್ತಿದ. "ನಿಲ್ಸಿ ಓಲಗ!"

ಓಲಗ ನಿಂತಿತು. ಡೋಲಿನವನು ಗಮನಿಸದೆ ಇನ್ನೆರಡು ಪೆಟ್ಟು ಹಾಕಿ ತಾನೂ ನಿಂತ. ಪುರೋಹಿತರು ಗಡಿಯಾರ ನೋಡಿ, "ಮುಹೂರ್ತ ಮೀರ್ತಾ ಇದೆ" ಎಂದರು. ಮದುಮಗಳು ಸ್ಪಂದನ ತನ್ನ ಸರವನ್ನು ಒಮ್ಮೆ, ಅಜ್ಜಿಯನ್ನು ಒಮ್ಮೆ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು.

"ಪೊಲೀಸು ಯಾಕ್ ಬಂದೈತೆ ಅಂತ ಹೆಣ್ಣಿನ ಕಡೆಯೋರು ಹೇಳ್ಬೇಕು. ಆಮೇಲೆ ತಾಳಿ" ಎಂದ ಮುನಿರಾಜು.

ಮುನಿಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು. "ಯಾರಯ್ಯಾ ಅದು, ನನ್ ಮೊಮ್ಮಗಳ ಮೈಮೇಲಿರೋದು ಕದ್ದಿದ್ದು ಅಂದೋನು? ನಮ್ ತೋಟದ ಬೆಲೆ ಕಣೋ ಅದು!"

ಗುಲಾಬಿ ಹಿಡಿದುಕೊಂಡೇ ಸಿಂಚನಾ ಮಧ್ಯೆ ಬಂದಳು. "ಅಮ್ಮ, ಒಡವೆ ಅಲ್ಲ. ಪ್ಲಾಸ್ಟಿಕ್ ಕ್ರೇಟು. ನೀಲೀದು. ಅದು ನಮ್ಮ ಕಾರ್ಖಾನೇದು, ಕಳ್ಳತನ ಆಗಿದೆ."

"ಕ್ರೇಟಾ?" ಮುನಿಲಕ್ಷ್ಮಮ್ಮನವರ ಮುಖ ಅರಳಿತು. "ಥೂ, ಅದಾ! ಅದು ನಮ್ ಜಗಣ್ಣ ಕೊಟ್ಟಿದ್ದು. ಮದುವೆಗೇಂತ ಕಂಪನೀಲಿ ಹೇಳಿ ಮಾಡಿಸಿದ್ದು. ಜಗಣ್ಣ, ಬಾರಪ್ಪ ಇಲ್ಲಿ!"

ಕಂಬದ ಹಿಂದಿನಿಂದ ಜರಿ ಶಲ್ಯದ ಒಂದು ತುದಿ ಕಾಣುತ್ತಿತ್ತು. ಆರು ನೂರು ಜನ ಅದನ್ನೇ ನೋಡಿದರು. ಜಲಜಾ ಹಣೆಗೆ ಕೈ ಇಟ್ಟುಕೊಂಡಳು.

ಜಗನ್ನಾಥ ಹೊರಗೆ ಬಂದ. "ಯಾರೂ ಕದ್ದಿಲ್ಲ. ನಾನೇ ತಂದೆ. ಕೇಳದೆ ತಂದೆ. ಕಂಪನೀಲಿ ಯಾರೂ ಏನೂ ಹೇಳಿ ಮಾಡಿಸಲ್ಲ. ಇಷ್ಟು ವರ್ಷ ಕೊಟ್ಟಿದ್ದೆಲ್ಲ ಬಿಸಾಕೋ ಡಬ್ಬ. ಇದು ಬಿಸಾಕೋದಲ್ಲ, ವಾಪಸ್ ಕೊಡೋದು. ತಾಳಿ ಕಟ್ಟಿಸಿ ಸ್ವಾಮಿ, ಹುಡುಗಿ ಅಳ್ತಾ ಇದಾಳೆ."

ಇಷ್ಟು ಹೇಳಿ ಕೈ ಮುಗಿದ. ಅಮೀನಪ್ಪ, "ಹಾಗಾದ್ರೆ ಮಫ್ತಿ?" ಎಂದು ಯಾರಿಗೂ ಅಲ್ಲದಂತೆ ಕೇಳಿದ. ಪುರೋಹಿತರು ಇನ್ನೊಂದು ಕ್ಷಣವೂ ಕಾಯದೆ "ಗಟ್ಟಿಮೇಳ" ಎಂದು ಕೂಗಿದರು. ಆ ಗದ್ದಲದಲ್ಲಿ ಮುನಿರಾಜು ಕೈ ಇಳಿಸಿ ಅಕ್ಷತೆ ಹಾಕಿದ, ಹಾಕದೆ ಉಪಾಯವಿರಲಿಲ್ಲ.

ಊಟದ ಹೊತ್ತಿಗೆ ಉಳಿದ ಕ್ರೇಟುಗಳ ಸಂಗತಿ ಬಯಲಾಯಿತು. ಶನಿವಾರ ಆರತಕ್ಷತೆ ಮುಗಿದ ಮೇಲೆ, ಮದುವೆ ಊಟಕ್ಕೆ ಬೇಕಾದಷ್ಟು ಉಳಿಸಿಕೊಂಡು, ಹೆಣ್ಣಿನ ಕಡೆಯ ತಿಂಡಿಯನ್ನು ಬೀಗರಿಗೆ ಒಪ್ಪಿಸಿದ್ದರು. ಡಬ್ಬವೂ ಸೇರಿಯೇ ಉಡುಗೊರೆ ಎಂದು ತಿಳಿದ ಮುನಿರಾಜು ಎಲ್ಲವನ್ನೂ ವ್ಯಾನಿಗೆ ಹಾಕಿಸಿ ಕೆಂಗೇರಿಗೆ ಕಳಿಸಿದ್ದ. ಅಲ್ಲಿ ಅವನ ಹೆಂಡತಿ ಕಲಾ ಬೀದಿಯ ನೆಂಟರಿಗೆಲ್ಲ ಮನೆಗೊಂದು ಕ್ರೇಟು ಹಂಚಿಯೂ ಆಗಿತ್ತು.

ಸಿಂಚನಾಳ ಎಲೆಯಲ್ಲಿ ಪಾಯಸ ಹಾಗೇ ಇತ್ತು. "ನಾಳೆ ಬೆಳಗ್ಗೆ ಹೊಸೂರು ಗಾಡಿ ಸಾರ್. ಕ್ರೇಟು ಹೋಗೋಕೆ ಮುಂಚೇನೇ ಕಳೆದುಹೋಯ್ತು ಅಂತ ಎಂ.ಡಿ.ಗೆ ಹೇಗೆ ಹೇಳ್ಲಿ? ಅವರು ನಗ್ತಾರೆ. ಬೈದ್ರೆ ಪರವಾಗಿಲ್ಲ, ನಗ್ತಾರೆ."

ಜಗನ್ನಾಥ ಮುನಿಲಕ್ಷ್ಮಮ್ಮನವರ ಬಳಿ ಹೋಗಿ, ಬೀಗರ ಹತ್ತಿರ ಕ್ರೇಟು ವಾಪಸ್ ಕೇಳಿ ಎಂದ. ಅವರು ಹೌಹಾರಿದರು.

"ಕೊಟ್ಟಿದ್ದು ವಾಪಸ್ ಕೇಳೋದಾ? ಇವತ್ತೇ ಹೆಣ್ಣು ಕೊಟ್ಟು ಇವತ್ತೇ ಡಬ್ಬ ಕೇಳಿದ್ರೆ ನನ್ ಮೊಮ್ಮಗಳು ಆ ಮನೇಲಿ ಹೆಂಗಪ್ಪ ತಲೆ ಎತ್ತಾಳು?" ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು. "ಕಳೆದೋಯ್ತು ಅಂದ್ಬುಡು. ಮತ್ತೆ ರಟ್ಟಿನ ಡಬ್ಬ ಸುರು ಆಯ್ತದಂತಲ್ಲ, ಜಲಜಾ ಹೇಳಿದ್ಳು. ನಿಂಗೂ ಒಳ್ಳೇದು, ಬೀದಿಗೂ ಒಳ್ಳೇದು."

ಇದು ಸುಳ್ಳಲ್ಲ. ಕ್ರೇಟು ಬಾರದಿದ್ದರೆ ರಟ್ಟು ಬರುತ್ತದೆ, ರಟ್ಟು ಬಂದರೆ ಮೊದಲ ಪಂಕ್ತಿ ಉಳಿಯುತ್ತದೆ. ಬೀದಿಯ ನಾಲ್ಕಾರು ಹಿರಿಯರು ಸುತ್ತ ನಿಂತು ಹೌದು ಹೌದು ಎಂದು ತಲೆಯಾಡಿಸಿದರು. ಜಗನ್ನಾಥ ಸಿಂಚನಾಳ ಎಲೆಯ ಕಡೆ ನೋಡಿದ. ಪಾಯಸದ ಮೇಲೆ ಕೆನೆ ಕಟ್ಟಿತ್ತು.

"ಅದಾಗಲ್ಲಮ್ಮ. ನೀವು ಕೇಳ್ಬೇಡಿ. ನಾನೇ ಕೇಳ್ತೀನಿ. ನಿಮ್ಮ ಹೆಸರು ಬರದ ಹಾಗೆ ಕೇಳ್ತೀನಿ" ಎಂದು ಪಂಚೆ ಎತ್ತಿ ಕಟ್ಟಿದ.

ಕೆಂಗೇರಿಯ ಹಳೇ ಬೀದಿಯಲ್ಲಿ ಕಲಾ, ಮುಹೂರ್ತಕ್ಕೂ ಹೋಗದೆ ಮನೆಯಲ್ಲೇ ಉಳಿದು, ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಸಿದ್ಧತೆಯಲ್ಲಿದ್ದಳು. ಬಾಗಿಲಲ್ಲಿ ಜರಿ ಶಲ್ಯದವನೊಬ್ಬ, ಗುಲಾಬಿ ಹಿಡಿದ ಹುಡುಗಿಯೊಬ್ಬಳು, ಖಾಕಿಯ ಮೀಸೆಯೊಬ್ಬ ನಿಂತಿದ್ದು ಕಂಡು, "ಯಾರಿಗೇನಾಯ್ತು?" ಎಂದಳು.

"ಏನೂ ಆಗಿಲ್ಲ ತಾಯಿ. ನಾವು ಹೆಣ್ಣಿನ ಕಡೆಯೋರು" ಎಂದ ಜಗನ್ನಾಥ. ದಾರಿಯುದ್ದಕ್ಕೂ ಸತ್ಯವನ್ನೇ ಹೇಳಬೇಕೆಂದು ಅಭ್ಯಾಸ ಮಾಡಿಕೊಂಡು ಬಂದಿದ್ದ. ಆದರೆ ಸತ್ಯ ಹೇಳಿದರೆ ಸ್ಪಂದನಳ ಮಾನ ಹೋಗುತ್ತದೆ. "ನಮ್ಮ ಕಡೆ ಒಂದು ಶಾಸ್ತ್ರ ಇದೆ. ತಿಂಡಿ ಬಂದ ಡಬ್ಬ ಅದೇ ದಿನ ಹೊತ್ತು ಮುಳುಗೋಕೆ ಮುಂಚೆ ತವರಿಗೆ ವಾಪಸ್ ಹೋಗ್ಬೇಕು. ಒಂದೂ ಬಿಡಬಾರದು. ಬಿಟ್ರೆ ಹುಡುಗಿಗೆ ಆಗಿಬರಲ್ಲ. ಡಬ್ಬ ವಾಪಸ್ ಶಾಸ್ತ್ರ ಅಂತ."

"ನಾನ್ ಕೇ‌ಳೇ ಇಲ್ವಲ್ಲ?"

"ಕುರುಬರಹಳ್ಳೀಲಿ ಮಾತ್ರ ಇರೋದು."

"ಈ ಹುಡುಗಿ ಯಾರು?"

"ಕಳಸಗಿತ್ತಿ."

"ನಿನ್ನೆ ಬೇರೆ ಕಳಸಗಿತ್ತಿ ಇದ್ಳು. ಇವಳು ಜೀನ್ಸ್ ಹಾಕವ್ಳೆ."

"ಡಬ್ಬಕ್ಕೆ ಬೇರೆ ಕಳಸಗಿತ್ತಿ ತಾಯಿ."

ಸಿಂಚನಾ ಗುಲಾಬಿಯನ್ನು ಇನ್ನಷ್ಟು ನೆಟ್ಟಗೆ ಹಿಡಿದುಕೊಂಡಳು. ಕಲಾ ಒಂದು ನಿಮಿಷ ಯೋಚಿಸಿದಳು. ಶಾಸ್ತ್ರ ಎಂದ ಮೇಲೆ ಪ್ರಶ್ನೆ ಮಾಡಿ ಅಪವಾದ ಹೊರುವ ಹೆಂಗಸು ಅವಳಲ್ಲ. ಬೀದಿಗೆ ಬಂದು, ಡಬ್ಬ ಎಲ್ಲ ತಂದುಕೊಡ್ರೇ ಎಂದು ಒಂದು ಕೂಗು ಹಾಕಿದಳು.

ಕ್ರೇಟುಗಳು ಬರತೊಡಗಿದವು. ಒಂದೇ ದಿನದಲ್ಲಿ ಅವು ಎಷ್ಟು ಸಂಸಾರವಂತವಾಗಿದ್ದವೆಂದರೆ ಸಿಂಚನಾ ಬೆಪ್ಪಾದಳು. ಒಂದರಲ್ಲಿ ಮಣ್ಣು ತುಂಬಿ ಕರಿಬೇವಿನ ಸಸಿ ನೆಟ್ಟಾಗಿತ್ತು. ಒಂದರಲ್ಲಿ ಚಪ್ಪಲಿ. ಒಂದರಲ್ಲಿ ಕೋಳಿ ಕಾವಿಗೆ ಕೂತಿತ್ತು; ಅದನ್ನು ಎಬ್ಬಿಸಲು ಹೋದ ಅಮೀನಪ್ಪನ ಕೈಗೆ ರಕ್ತ ಬಂತು.

ಕೊನೆಗೆ ಒಂದು ಕ್ರೇಟು ಮಾತ್ರ ಉಳಿಯಿತು. ಅದು ಮುನಿರಾಜುವಿನ ಅಪ್ಪನ ಕೆಳಗಿತ್ತು. ಎಂಬತ್ತು ದಾಟಿದ ಮುದುಕರು ಅಂಗಳದ ಬಿಸಿಲಿನಲ್ಲಿ ಅದನ್ನು ಬೋರಲು ಹಾಕಿಕೊಂಡು ಕುಳಿತಿದ್ದರು.

"ತಾತ, ಸ್ವಲ್ಪ ಏಳ್ತೀರಾ?" ಎಂದಳು ಸಿಂಚನಾ.

"ಯಾಕೆ?"

"ಶಾಸ್ತ್ರ ತಾತ."

"ಶಾಸ್ತ್ರ ಎಲ್ಲ ನಿಂತ್ಕೊಂಡು ಮಾಡೋರು ಮಾಡ್ಲಿ. ಇದು ಬೆನ್ನಿಗೆ ಹಿತವಾಗೈತೆ."

ಜಗನ್ನಾಥ ಬೇಡಿಕೊಂಡ, ಕಲಾ ಗದರಿದಳು. ಮುದುಕರು ಕದಲಲಿಲ್ಲ. ಅವರು ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವರು ಎಂದು ಯಾರೋ ಅಂದದ್ದೇ ತಡ, ಅಮೀನಪ್ಪ ಗಾಯದ ಕೈಯಲ್ಲೇ ಮೀಸೆ ಸರಿಮಾಡಿಕೊಂಡು, ಎದೆಯುಬ್ಬಿಸಿ, "ಸಾಆಆವಧಾನ್!" ಎಂದು ಬೀದಿಯೇ ನಡುಗುವಂತೆ ಕೂಗಿದ.

ಮುದುಕರು ಬಾಣದಂತೆ ಎದ್ದು ನಿಂತರು. ಸಿಂಚನಾ ಕ್ರೇಟು ಎಳೆದುಕೊಂಡಳು. ಕಲಾ ಅದೇ ಜಾಗಕ್ಕೆ ಪ್ಲಾಸ್ಟಿಕ್ ಕುರ್ಚಿ ತಳ್ಳಿದಳು. "ವಿಶ್ರಾಮ್" ಎಂದ ಅಮೀನಪ್ಪ. ಮುದುಕರು ಕುಳಿತರು. ಬಹಳ ದಿನಗಳಿಂದ ಅವರ ಮುಖದಲ್ಲಿ ಅಂಥ ತೃಪ್ತಿ ಕಂಡಿರಲಿಲ್ಲ ಎಂದು ಮನೆಯವರು ಆಮೇಲೆ ಹೇಳಿದರು.

ಎಲ್ಲ ಸಿಕ್ಕಿತು ಎಂದು ಜಗನ್ನಾಥ ಕ್ರೇಟುಗಳನ್ನು ಮಡಚಲು ಬಗ್ಗಿದ.

"ಏನ್ ಮಾಡ್ತಿದೀರಾ?" ಕಲಾ ತಡೆದಳು. "ತುಂಬಿ ಬಂದಿದ್ದನ್ನ ಖಾಲಿ ಕಳಿಸೋಕೆ ನಮಗೇನು ಬಂದಿರೋದು? ನಿಮ್ ಶಾಸ್ತ್ರ ನಿಮಗೆ, ನಮ್ ಪದ್ಧತಿ ನಮಗೆ."

"ತಾಯಿ, ಖಾಲೀನೇ ಬರ್ಬೇಕು. ಖಾಲಿ ವಾಪಸ್ ಬರೋದೇ ಇದರ ವಿಶೇಷ..."

"ಬಾಯ್ ಮುಚ್ಚಿ" ಎಂದಳು ಕಲಾ ಗೌರವದಿಂದ.

ಅರ್ಧ ಗಂಟೆಯಲ್ಲಿ ಕ್ರೇಟುಗಳೆಲ್ಲ ತುಂಬಿದವು. ಅಕ್ಕಿ, ರಾಗಿ, ಬೆಲ್ಲ, ಕಡಲೆಕಾಯಿ, ಬಾಳೆಗೊನೆ, ತೆಂಗಿನಕಾಯಿ. ಬೀದಿಯ ನೆಂಟರು ಒಬ್ಬರಿಗಿಂತ ಒಬ್ಬರು ಮೇಲಾಗಿ ತಂದು ಸುರಿದರು. ಮಡಚಿದ್ದರೆ ಕಾರಿನ ಹಿಂದೆ ಹಿಡಿಯುತ್ತಿದ್ದ ಕ್ರೇಟುಗಳಿಗೆ ಈಗ ಲಾರಿಯೇ ಬೇಕಾಯಿತು. ಲಾರಿಯ ಮೇಲೆ ಬಾಳೆಗೊನೆ ಹಿಡಿದುಕೊಂಡು ಕುಳಿತ ಸಿಂಚನಾ, "ಸಾರ್, ಖಾಲಿ ವಾಪಸ್ ಬರೋ ಗಾಡಿಗೆ ಖರ್ಚು ಕಡಿಮೆ ಅಂತ ಮೀಟಿಂಗಲ್ಲಿ ಹೇಳಿದ್ದೆ" ಎಂದಳು. ಆಮೇಲೆ ಅವಳಿಗೆ ನಗು ಬಂತು. ಮೈಸೂರು ರಸ್ತೆ ಉದ್ದಕ್ಕೂ ನಿಲ್ಲಲಿಲ್ಲ.

ದಾರಿಯಲ್ಲಿ ಛತ್ರದ ಕ್ರೇಟುಗಳನ್ನೂ ಹತ್ತಿಸಿಕೊಂಡು ಕುರುಬರಹಳ್ಳಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಲಾರಿ ತುಂಬ ಬಂದದ್ದನ್ನು ನೋಡಿ ಮುನಿಲಕ್ಷ್ಮಮ್ಮ, "ಬೀಗರು ಅಂದ್ರೆ ಇಂಗಿರ್ಬೇಕು!" ಎಂದರು. "ನಮ್ದೇನು ಕಮ್ಮಿನಾ? ಏ ರಾಮಯ್ಯ, ಅಟ್ಟದ ಮೇಲಿರೋ ಹುಣಸೇಹಣ್ಣು ಇಳಿಸು. ಇದೇ ಡಬ್ಬಕ್ಕೆ ತುಂಬಿ ನಾಳೆ ಬೆಳಗ್ಗೇನೇ ಕೆಂಗೇರಿಗೆ..."

"ಬೇಡ!" ಮೂವರೂ ಒಟ್ಟಿಗೆ ಕೂಗಿದರು. ಅಮೀನಪ್ಪ ಖಾಲಿಯಾದ ಕ್ರೇಟುಗಳ ಮುಂದೆ ಕಾವಲು ನಿಂತ. ಸಿಂಚನಾ ಅವುಗಳ ಮೇಲೇ ಕುಳಿತುಬಿಟ್ಟಳು. ಜಗನ್ನಾಥ ಬೀದಿಯವರೆಲ್ಲ ಕೇಳುವಂತೆ ಹೇಳಿದ: "ನೋಡಿ, ಇನ್ಮೇಲೆ ನನ್ನ ಹತ್ರ ಡಬ್ಬ ಇರಲ್ಲ. ರಟ್ಟಿಂದೂ ಇಲ್ಲ, ಪ್ಲಾಸ್ಟಿಕ್ಕಿಂದೂ ಇಲ್ಲ. ಬೇಜಾರು ಮಾಡ್ಕೋಬೇಡಿ."

ಬೆಕ್ಕಿನ ಮನೆಯವರು ನಿಟ್ಟುಸಿರು ಬಿಟ್ಟರು. ಮುನಿಲಕ್ಷ್ಮಮ್ಮ, "ಡಬ್ಬ ಇಲ್ದಿದ್ರೆ ಏನೀಗ, ಹೊಟ್ಟೆಗೆ ಬೇಡ್ವಾ? ಆ ಹುಡುಗೀನೂ ಕರ್ಕೊಂಡ್ ಬಾ, ಛತ್ರದಲ್ಲಿ ಏನೂ ತಿನ್ನಲಿಲ್ಲ ಅದು" ಎಂದು ಒಳಗೆ ಹೋದರು.

ಊಟವಾದ ಮೇಲೆ ಜಲಜಾ ಪೈಪು ಹಿಡಿದಳು, ಜಗನ್ನಾಥ ಸೀಗೆಪುಡಿ ಹಾಕಿ ಉಜ್ಜಿದ. ತುಪ್ಪದ ವಾಸನೆ ಮಾತ್ರ ಹೋಗಲಿಲ್ಲ. ಬೆಳಗ್ಗೆ ಗಾಡಿ ಹೊರಡುವಾಗ ಮುನಿಲಕ್ಷ್ಮಮ್ಮ, ಖಾಲಿ ಡಬ್ಬ ಕಳಿಸಬಾರದೆಂದು, ಒಂದು ಕ್ರೇಟಿಗೆ ಏನನ್ನೋ ಹಾಕಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಸೋಮವಾರ ನಲವತ್ತೂ ಕ್ರೇಟು ಗೇರು ತುಂಬಿಕೊಂಡು ಹೊಸೂರಿಗೆ ಹೋದವು. ಎಂ.ಡಿ.ಯವರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಜಗನ್ನಾಥನೇ ಹೇಳಿದ. ಅವರು ಬೈದರು, ಆಮೇಲೆ ಸಿಂಚನಾ ಹೆದರಿದ್ದಂತೆಯೇ ನಕ್ಕರು, ಆಮೇಲೆ "ನಲವತ್ತಕ್ಕೆ ನಲವತ್ತೂ ಬಂತಾ? ಕೆಂಗೇರಿಯಿಂದ?" ಎಂದು ಎರಡು ಸಲ ಕೇಳಿದರು. ಉಸ್ತುವಾರಿ ಅವನಲ್ಲೇ ಉಳಿಯಿತು. ಶೆಡ್ಡಿನ ಬೀಗದ ಕೈ ಮಾತ್ರ ಅಮೀನಪ್ಪನಿಗೆ ಹೋಯಿತು.

ಮಧ್ಯಾಹ್ನ ಹೊಸೂರಿನಿಂದ ಫೋನ್. ಮಾಲು ತಪಾಸಣೆ ಮಾಡುವ ಅಧಿಕಾರಿ. ಬಹಳ ಕಟ್ಟುನಿಟ್ಟಿನ ಮನುಷ್ಯ ಎಂದು ಹೆಸರು. ಸಿಂಚನಾ ಸ್ಪೀಕರ್ ಹಾಕಿದಳು.

"ಮೇಡಂ, ಕ್ರೇಟು ಚೆನ್ನಾಗಿದೆ. ಗೇರ್ ಎಲ್ಲ ಸರಿಯಾಗಿದೆ. ಆದರೆ ಒಂದು ಕ್ರೇಟಲ್ಲಿ, ಗೇರ್ ಪಕ್ಕ, ಒಂದು ತೆಂಗಿನಕಾಯಿ ಇದೆ. ಇನ್‌ವಾಯ್ಸಲ್ಲಿ ಇಲ್ಲ. ಡ್ರಾಯಿಂಗೂ ಇಲ್ಲ. ಇದನ್ನ ನಾನು ಏನಂತ ಬರ್ಕೊಳ್ಲಿ?"

ಸಿಂಚನಾ ಜಗನ್ನಾಥನ ಕಡೆ ನೋಡಿದಳು. ಅವನು ಫೋನಿನ ಹತ್ತಿರ ಬಗ್ಗಿದ.

"ಪ್ಯಾಕಿಂಗ್ ಸಾಮಾನು ಸಾರ್ ಅದು. ಗೇರ್ ಅಲ್ಲಾಡದ ಹಾಗೆ ಇಟ್ಟಿದ್ದು."

ಅತ್ತ ಪೆನ್ನಿನ ಸದ್ದು ಕೇಳಿಸಿತು. "ವಾಪಸ್ ಕಳಿಸೋದಾ, ಬಿಸಾಕೋದಾ?"

"ಎರಡೂ ಬೇಡ ಸಾರ್" ಎಂದ ಜಗನ್ನಾಥ. "ಚಟ್ನಿ ಮಾಡ್ಕೊಳ್ಳಿ."